ಗೆರೆ ಹುಡುಕಿದ ಕಲಾವಿದ ಕೆ. ಕೆ. ಹೆಬ್ಬಾರರು

ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿ ಹೇಳಿದರು. ಕಂಪ್ಯೂಟರ್ ಕೆಲಸದವನು, ವಿಜ್ಞಾನಿಯ ಬಗ್ಗೆಯೇ ಬರೆಯುತ್ತಾನೆ ಎಂದು ಅವರು ತಿಳಿದಿರಬಹುದು. ನಾನು ಆರಿಸಿಕೊಂಡದ್ದು ಒಬ್ಬ ಚಿತ್ರಕಾರರನ್ನು. ಅದಕ್ಕೆ ಕಾರಣ ಇದೇ ಶಾಲೆಯಲ್ಲಿದೆ. ಎಂಟನೆಯ ತರಗತಿಯಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕೂತವರಲ್ಲಿ ನಾನೂ ಒಬ್ಬ. ಡ್ರಾಯಿಂಗ್ ಸರ್ ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡು ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ತಪ್ಪು ಗೆರೆ ಎಳೆದರೂ ಪರವಾಗಿಲ್ಲ, ಅಳಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಆಗ ನನಗೆ ಸಿಟ್ಟು ಬರುತ್ತಿತ್ತು.

ಬಿ.ಇ. ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಒಂದು ರವಿವಾರ ಮಳೆಗೆ ಸಿಕ್ಕಿ, ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯೊಳಗೆ ಹೊಕ್ಕೆ. ಅಲ್ಲಿ ಹೆಬ್ಬಾರರ ಚಿತ್ರಗಳಿಗೇ ಒಂದು ವಿಭಾಗವಿದೆ. ಕುಣಿಯುವವರ ಒಂದು ರೇಖಾಚಿತ್ರದ ಮುಂದೆ ನಿಂತೆ. ಕಪ್ಪು ಗೆರೆ ಭುಜದಿಂದ ಹೊರಟು, ಸೊಂಟ ಬಳಸಿ, ಹೆಜ್ಜೆಯವರೆಗೆ ಇಳಿದಿತ್ತು. ಎಲ್ಲಿಯೂ ತಿದ್ದಿದ ಗುರುತಿಲ್ಲ. ಸರ್ ರಬ್ಬರ್ ಯಾಕೆ ಕಿತ್ತುಕೊಳ್ಳುತ್ತಿದ್ದರು ಎಂದು ತಿಳಿಯಲು ನನಗೆ ಹತ್ತು ವರ್ಷದ ಮೇಲಾಯಿತು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ. ಆಗ ಕರ್ನಾಟಕ ಒಂದೇ ರಾಜ್ಯವಾಗಿರಲಿಲ್ಲ. ಅವರ ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೆಬ್ಬಾರರದು ಅನುಕೂಲಸ್ಥರ ಮನೆಯಲ್ಲ. ಆದರೆ ತಂದೆ ಗಣೇಶ ಚವತಿಗೆ ಮಣ್ಣಿನ ಮೂರ್ತಿ ಮಾಡುತ್ತಿದ್ದರು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದನ್ನು ನೋಡುತ್ತ ಕೂತ ಮಕ್ಕಳಿಗೆ ಈ ಮಾತು ಬೇಗ ತಿಳಿಯುತ್ತದೆ. ಮಣ್ಣಿನ ಮುದ್ದೆಗೆ ಒಂದು ಕಡೆ ಹೆಬ್ಬೆರಳು ಒತ್ತಿದರೆ ಸೊಂಡಿಲಾಗುತ್ತದೆ, ಇನ್ನೊಂದು ಕಡೆ ಒತ್ತಿದರೆ ಹೊಟ್ಟೆಯಾಗುತ್ತದೆ. ಆ ಹುಡುಗನ ಮೊದಲ ಡ್ರಾಯಿಂಗ್ ಕ್ಲಾಸು ಅದೇ. ಸುತ್ತಮುತ್ತ ಯಕ್ಷಗಾನದ ವೇಷ, ಭೂತಕೋಲದ ಬಣ್ಣ, ನಾಗಮಂಡಲದ ಸುತ್ತು. ಇವೆಲ್ಲ ಅವರ ಕಣ್ಣಿನಲ್ಲಿ ಕೂತಿದ್ದವು. ಹೊರಗೆ ಬಂದದ್ದು ಮಾತ್ರ ಬಹಳ ವರ್ಷಗಳ ಮೇಲೆ.

ಆ ಕಾಲದಲ್ಲಿ ಚಿತ್ರ ಎಂದರೆ ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮರ ಅಚ್ಚುಕೂಟ ಶುರುವಾದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆಯ ಗೋಡೆಗೆ ಬಂದವು. ನಮ್ಮ ಅಜ್ಜಿಯ ದೇವರ ಜಗಲಿಯ ಮೇಲೂ ಅಂಥದ್ದೊಂದು ಪಟ ಹೊಗೆ ಹಿಡಿದು ಇಂದಿಗೂ ಇದೆ. ಹುಡುಗ ಹೆಬ್ಬಾರರಿಗೂ ರವಿವರ್ಮರೇ ಮಾದರಿ. ಚಿತ್ರ ಕಲಿಯಬೇಕೆಂದು ಮೈಸೂರಿಗೆ ಹೋಗಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದರು. ಅಲ್ಲಿ ನೆಲೆ ನಿಲ್ಲಲಿಲ್ಲ. ಕೊನೆಗೆ ಮುಂಬಯಿ ಸೇರಿದರು.

ನಮ್ಮ ಕಡೆಯವರಿಗೆ ಮುಂಬಯಿ ಎಂದರೆ ಕುಡಚಿಯಲ್ಲೋ ರಾಯಬಾಗದಲ್ಲೋ ರೈಲು ಹತ್ತಿ ಮಿರಜ, ಪುಣೆ ಮೇಲೆ ಹೋಗುವ ಊರು. ಕರಾವಳಿಯವರಿಗೆ ಅಂದು ಅಷ್ಟೂ ಸೌಕರ್ಯ ಇರಲಿಲ್ಲ. ಕೊಂಕಣ ರೈಲಿನ ದಾರಿ ಪೂರ್ತಿಯಾದದ್ದು ಹೆಬ್ಬಾರರು ತೀರಿಕೊಂಡ ಮೇಲೆ. ಅಂಥ ದೂರದ ಊರಿನಲ್ಲಿ ಅವರಿಗೆ ಆಸರೆಯಾದದ್ದು ದಂಡಾವತಿಮಠ ಎಂಬ ಕನ್ನಡಿಗ ಗುರುಗಳು ನಡೆಸುತ್ತಿದ್ದ ನೂತನ ಕಲಾ ಮಂದಿರ. ಕಲಬುರ್ಗಿಯ ಎಸ್. ಎಂ. ಪಂಡಿತರು ಕಲಿತದ್ದೂ ಅಲ್ಲಿಯೇ. ಮುಂಬಯಿಯ ಚಿತ್ರಕಲೆಯ ಇತಿಹಾಸ ಬರೆಯುವವರು ಈ ಕನ್ನಡ ಗುರುವಿನ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ ಇಲ್ಲಿ ನಾನೂ ಮುಂದೆ ಹೋಗಲೇಬೇಕು.

ಅಲ್ಲಿಂದ ಹೆಬ್ಬಾರರು ಸರ್ ಜೆ. ಜೆ. ಕಲಾಶಾಲೆ ಸೇರಿ 1938ರಲ್ಲಿ ಡಿಪ್ಲೊಮಾ ಪಡೆದರು. 1857ರಲ್ಲಿ ಶುರುವಾದ ಆ ಶಾಲೆಯಲ್ಲಿ ಇಂಗ್ಲಿಷರ ಪದ್ಧತಿಯ ಕಲಿಕೆ ಇತ್ತು. ಪ್ಲಾಸ್ಟರಿನ ಗ್ರೀಕ್ ಮೂರ್ತಿಯನ್ನು ಎದುರಿಗಿಟ್ಟು, ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿದೆ ಎಂದು ನೋಡಿ ಇದ್ದದ್ದನ್ನು ಇದ್ದಂತೆ ಬರೆಯಬೇಕು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ನಮ್ಮ ಲೋವರ್ ಗ್ರೇಡ್ ಪರೀಕ್ಷೆಯಲ್ಲಿ ಬಕೆಟ್ಟು, ತಂಬಿಗೆ ಇಟ್ಟು ಬರೆಸುವುದು ಆ ಪದ್ಧತಿಯ ಉಳಿಕೆಯೇ. ಹೆಬ್ಬಾರರು ಇದರಲ್ಲಿ ಕೈ ಪಳಗಿಸಿಕೊಂಡರು. ಅವರ ಕಾಲಕ್ಕೆ ಶಾಲೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಜೆರಾರ್ಡ್ ಯುರೋಪಿನ ಹೊಸ ಚಿತ್ರಕಲೆಯ ಗಾಳಿಯನ್ನೂ ಒಳಗೆ ಬಿಟ್ಟಿದ್ದರು. 1940ರಿಂದ ಸುಮಾರು ಐದು ವರ್ಷ ಹೆಬ್ಬಾರರು ಅದೇ ಶಾಲೆಯಲ್ಲಿ ಶಿಕ್ಷಕರಾದರು. ಹಳ್ಳಿಯಿಂದ ಬಂದ ಹುಡುಗನಿಗೆ ಇದಕ್ಕಿಂತ ಏನು ಬೇಕು? ಕೈಯಲ್ಲಿ ವಿದ್ಯೆ, ತಿಂಗಳಿಗೆ ಸಂಬಳ.

ಇಲ್ಲಿಯೇ ಅವರ ಜೀವನದ ಮುಖ್ಯ ಸಂಗತಿ ಇದೆ. ಕೈ ಪಳಗಿದ ಹೊತ್ತಿನಲ್ಲೇ ಅವರಿಗೆ ಅನುಮಾನ ಬಂತು. ತಾನು ಬರೆಯುತ್ತಿರುವ ಚಿತ್ರ ಚೆನ್ನಾಗಿದೆ, ಆದರೆ ಅದು ತನ್ನದೇನು? ಇಂಗ್ಲೆಂಡಿನ ಯಾವ ವಿದ್ಯಾರ್ಥಿಯೂ ಹೀಗೆಯೇ ಬರೆಯಬಲ್ಲ. ಅವರು ಹಿಂದಕ್ಕೆ ತಿರುಗಿ ಜೈನರ ಹಳೆಯ ಹಸ್ತಪ್ರತಿಗಳ ಚಿತ್ರ, ರಜಪೂತ ಮತ್ತು ಮೊಗಲ ಕಿರುಚಿತ್ರ, ಅಜಂತೆಯ ಗೋಡೆ ಎಲ್ಲವನ್ನೂ ನೋಡತೊಡಗಿದರು. ಅಲ್ಲಿ ನೆರಳು ಬೆಳಕಿನ ಆಟವಿಲ್ಲ, ಗೆರೆ ಮತ್ತು ಬಣ್ಣ ಎರಡೇ ಎಲ್ಲವನ್ನೂ ಹೇಳುತ್ತವೆ. ಅದೇ ಕಾಲಕ್ಕೆ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಕಣ್ಣಿಗೆ ಬಿದ್ದವು. ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕಲಿತ ಆ ಹೆಣ್ಣುಮಗಳು 1937ರ ಸುಮಾರಿಗೆ ದಕ್ಷಿಣ ಭಾರತ ಸುತ್ತಿ, ಸಂತೆಗೆ ಹೊರಟ ಹಳ್ಳಿಯವರನ್ನು ಬರೆದಿದ್ದರು. 1941ರಲ್ಲಿ, ಇನ್ನೂ ಇಪ್ಪತ್ತೆಂಟು ವರ್ಷಕ್ಕೆ, ತೀರಿಕೊಂಡರು. ಯುರೋಪಿನ ಎಣ್ಣೆಬಣ್ಣದಲ್ಲಿ ನಮ್ಮ ಜನರನ್ನು ನಮ್ಮ ಜನರಂತೆಯೇ ಬರೆಯಬಹುದು ಎಂಬುದನ್ನು ಹೆಬ್ಬಾರರು ಆ ಚಿತ್ರಗಳಲ್ಲಿ ಕಂಡರು.

ಆಮೇಲೆ ಕೇರಳ ಸುತ್ತಿದರು. ಕೆಂಪು ಮಣ್ಣು, ತೆಂಗಿನ ನೆರಳು, ಬಿಳಿ ಬಟ್ಟೆ ಉಟ್ಟ ಹೆಂಗಸರು. ಬಿಸಿಲೇ ಬಣ್ಣವಾದಂಥ ಆ ಚಿತ್ರಗಳಲ್ಲಿ ಜೆ. ಜೆ. ಶಾಲೆಯ ನೆರಳು ಬೆಳಕು ಹಿಂದೆ ಸರಿದಿತ್ತು. ಆ ಹೊತ್ತಿಗೆ ಶಾಲೆಯ ನೌಕರಿಯನ್ನೂ ಬಿಟ್ಟಿದ್ದರು. ಸಂಬಳ ಬಿಟ್ಟು ಚಿತ್ರ ನಂಬಿ ಸಂಸಾರ ಮಾಡುವುದು ಇವತ್ತಿಗೂ ಸುಲಭವಲ್ಲ. ಅದು ಮಹಾಯುದ್ಧ ಮುಗಿಯುತ್ತಿದ್ದ, ರೇಷನ್ನಿನ ಕಾಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ರೂಢಿ ಇದೆ. ಸರಿಯಾಗಿ ಓಡುತ್ತಿರುವ ಪ್ರೋಗ್ರಾಮನ್ನು ಯಾರೂ ಮುಟ್ಟುವುದಿಲ್ಲ. ಹೆಬ್ಬಾರರು ಹಾಗೆ ಸರಿಯಾಗಿ ಓಡುತ್ತಿದ್ದ ತಮ್ಮ ಕಲೆಯನ್ನು ಮತ್ತೆ ಮತ್ತೆ ಬಿಚ್ಚಿ ಹಾಕಿದರು. ಕೇರಳದ ಚಿತ್ರಗಳಿಂದ ಹೆಸರು ಬಂದ ಮೇಲೆ ಅಂಥವನ್ನೇ ಬರೆಯುತ್ತ ಕೂರಬಹುದಿತ್ತು. 1949ರಲ್ಲಿ ಪ್ಯಾರಿಸ್ಸಿಗೆ ಹೊರಟರು. ನಲವತ್ತರ ಹತ್ತಿರದ ಆಸಾಮಿ, ಸ್ವತಃ ಶಿಕ್ಷಕನಾಗಿದ್ದವರು, ಅಕಾದೆಮಿ ಜೂಲಿಯಾನ್‌ನಲ್ಲಿ ಹುಡುಗರ ಜೊತೆ ವಿದ್ಯಾರ್ಥಿಯಾಗಿ ಕೂತರು.

ಮುಂಬಯಿಯಲ್ಲಿ ಅದಾಗಲೇ ಬಿರುಗಾಳಿ ಎದ್ದಿತ್ತು. 1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರೊಗ್ರೆಸಿವ್ ಗುಂಪು ಕಟ್ಟಿದ್ದರು. ಹಳೆಯದನ್ನೆಲ್ಲ ಒಡೆಯಬೇಕು ಎಂಬ ಆವೇಶದ ಹುಡುಗರು. ಹೆಬ್ಬಾರರು ಅವರ ಗುಂಪಿನವರಲ್ಲ. ಇದರಿಂದ ಅವರಿಗೆ ನಷ್ಟವಾಯಿತು ಎಂದೇ ನನ್ನ ಅನಿಸಿಕೆ. ಆಧುನಿಕ ಭಾರತೀಯ ಕಲೆ ಎಂದ ಕೂಡಲೇ ಇವತ್ತು ಆ ಗುಂಪಿನ ಹೆಸರೇ ಮೊದಲು ಬರುತ್ತದೆ. ಆದರೆ ಆ ಹುಡುಗರಿಗೂ ಚಿತ್ರ ತೂಗುಹಾಕಲು ಗೋಡೆ ಬೇಕಿತ್ತಲ್ಲ. ಮುಂಬಯಿಯ ಕಾಳಾ ಘೋಡಾದಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ಕಟ್ಟಿಸಿಕೊಟ್ಟವರು ಸರ್ ಕಾವಸ್‌ಜಿ ಜಹಾಂಗೀರ್. ಕಟ್ಟಿಸಿ ಎಂದು ಅವರ ಬೆನ್ನು ಹತ್ತಿದವರಲ್ಲಿ ಅಣುವಿಜ್ಞಾನಿ ಹೋಮಿ ಭಾಭಾ ಮತ್ತು ನಮ್ಮ ಹೆಬ್ಬಾರರು ಮುಖ್ಯರು. ನಿಪ್ಪಾಣಿ, ಚಿಕ್ಕೋಡಿಯಿಂದ ಮುಂಬಯಿಗೆ ಹೋದವರಲ್ಲಿ ಎಷ್ಟೋ ಜನ ಆ ಕಟ್ಟಡದ ಮುಂದೆ ಹಾಯ್ದು ಹೋಗಿರುತ್ತಾರೆ.

ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸುತ್ತದೆ. ಅವರಿಗೆ ಕುಣಿತವನ್ನು ಬರೆಯಬೇಕಿತ್ತು. ಕುಣಿಯುವವರ ಕೈಕಾಲು ಬರೆಯುವುದು ಕಷ್ಟವಲ್ಲ. ತಾಳ ಬರೆಯುವುದು ಹೇಗೆ? ಅದನ್ನು ತಿಳಿಯಲು ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಎರಡು ವರ್ಷ ಕಥಕ್ ಕಲಿತರು. ವೇದಿಕೆ ಹತ್ತಲು ಅಲ್ಲ, ತಾಳ ಮೊದಲು ತನ್ನ ಮೈಗೆ ಬಂದರೆ ಮಾತ್ರ ಕೈಗೆ ಬರುತ್ತದೆ ಎಂದು. ಆ ಕಲಿಕೆ ಮುಟ್ಟಿದ್ದು ಗೆರೆಗೆ. ನಮ್ಮ ತಾಯಂದಿರು ನಸುಕಿನಲ್ಲಿ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುವುದನ್ನು ನೆನಪಿಸಿಕೊಳ್ಳಿ. ಚಿಟಿಕೆಯಿಂದ ಪುಡಿ ಇಳಿಯುತ್ತ ಹೋಗುತ್ತದೆ, ಕೈ ಹಿಂದಕ್ಕೆ ಬರುವುದಿಲ್ಲ. ನಿಂತರೆ ಅಲ್ಲಿ ಪುಡಿ ದಪ್ಪಗೆ ಬಿದ್ದು ಗೊತ್ತಾಗಿಬಿಡುತ್ತದೆ. ಹೆಬ್ಬಾರರ ಗೆರೆಯೂ ಹಾಗೆಯೇ. ವಾದ್ಯದವರು, ಯಕ್ಷಗಾನದವರು, ಹೊರೆ ಹೊತ್ತ ಹೆಂಗಸರು, ಎಲ್ಲರೂ ನಾಲ್ಕೈದು ಗೆರೆಗಳಲ್ಲಿ ಎದ್ದು ಬರುತ್ತಾರೆ. ಈ ರೇಖಾಚಿತ್ರಗಳ ಪುಸ್ತಕಕ್ಕೆ ಹಾಡುವ ಗೆರೆ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟರು. ಮಗಳಿಗೆ ಇಟ್ಟ ಹೆಸರೂ ರೇಖಾ. ಅವರೂ ಮುಂದೆ ಚಿತ್ರಕಲಾವಿದೆಯಾದರು.

ಮನ್ನಣೆಗಳಿಗೆ ಕೊರತೆಯಾಗಲಿಲ್ಲ. ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಒಂದಕ್ಕಿಂತ ಹೆಚ್ಚು ಸಲ ಬಂತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. ಆದರೂ ಅವರು ಕುಣಿತ, ಹಬ್ಬಗಳಲ್ಲಿಯೇ ಉಳಿಯಲಿಲ್ಲ. ಹಸಿದವರನ್ನು ಬರೆದರು. ಅಣುಬಾಂಬಿನ ಭಯ, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಬೆರಗು ಕೂಡ ಚಿತ್ರಕ್ಕೆ ಬಂದವು. ಆಕಾರಗಳು ಕರಗುತ್ತ ಹೋಗಿ, ದಪ್ಪ ದಪ್ಪ ಬಣ್ಣದ ಪದರಗಳು, ಸೂರ್ಯನೋ ಚಂದ್ರನೋ ಎಂಬಂಥ ಒಂದು ಗುಂಡು ಮಾತ್ರ ಉಳಿದ ಚಿತ್ರಗಳೂ ಇವೆ. ನಿಜ ಹೇಳುತ್ತೇನೆ, ಇವು ನನಗೆ ಪೂರ್ತಿ ತಿಳಿಯುವುದಿಲ್ಲ. ಚಿತ್ರಶಾಲೆಗೆ ಹೋದಾಗಲೆಲ್ಲ ಅವುಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಮತ್ತೆ ಗೆರೆಗಳ ಕಡೆಗೇ ಬರುತ್ತೇನೆ. ಆದರೆ ರವಿವರ್ಮರ ಪಟ ನೋಡಿ ಶುರು ಮಾಡಿದ ಕೈ ಇಲ್ಲಿಗೆ ಬಂದು ಮುಟ್ಟಿತಲ್ಲ ಎಂದು ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ನಮ್ಮ ದೇಶದ ಚಿತ್ರಕಲೆ ನೂರು ವರ್ಷದಲ್ಲಿ ಹಾದ ದಾರಿಯನ್ನು ಒಬ್ಬ ಮನುಷ್ಯ ಒಂದೇ ಜನ್ಮದಲ್ಲಿ ನಡೆದಂತೆ ಇದೆ.

1996ರ ಮಾರ್ಚ್ 26ರಂದು ಹೆಬ್ಬಾರರು ಮುಂಬಯಿಯಲ್ಲಿ ತೀರಿಕೊಂಡರು. ಅರವತ್ತು ವರ್ಷ ಆ ಊರಿನಲ್ಲಿ ಬಾಳಿದರೂ ಹೆಸರಿನ ಮೊದಲಿಗೆ ಕಟ್ಟಿಂಗೇರಿಯ ಅಕ್ಷರ ಹಾಗೆಯೇ ಉಳಿದಿತ್ತು.

ಮಹೋತ್ಸವಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಕೂಡಿಸುತ್ತಿರುವ ಹಣದಲ್ಲಿ ರಂಗಮಂದಿರಕ್ಕೆ, ಕಮಾನಿಗೆ ಎಂದು ಲೆಕ್ಕ ಬರೆದಾಗಿದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ನಾನು ಸಮಿತಿಯವರನ್ನು ಕೇಳಿಕೊಂಡಿದ್ದೇನೆ. ಪ್ರತಿ ವರ್ಷ ಲೋವರ್ ಗ್ರೇಡ್ ಪರೀಕ್ಷೆಗೆ ಕೂಡುವ ಮಕ್ಕಳ ಶುಲ್ಕ, ಡ್ರಾಯಿಂಗ್ ಹಾಳೆ, ಬಣ್ಣದ ಡಬ್ಬಿ ಮತ್ತು ಕಪ್ಪು ಶಾಯಿಗೆ ಇಷ್ಟೆಂದು. ಮೊದಲ ಐದು ವರ್ಷದ ಖರ್ಚು ನನ್ನದು. ರಬ್ಬರ್ ಮಾತ್ರ ಪಟ್ಟಿಯಲ್ಲಿ ಬರೆದಿಲ್ಲ.