ದೀನಬಂಧು ಆಂಡ್ರೂಸ್ ಮತ್ತು ಊರಿಗೆ ಮರಳಿದವರು

ಸಂಘದ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸಿ. ಎಫ್. ಆಂಡ್ರೂಸ್ ಎಂಬ ಮಹನೀಯರನ್ನು ನೆನೆಯುವುದು ಸೂಕ್ತವೆಂದು ನನ್ನ ಭಾವನೆ. ಗಾಂಧೀಜಿಯವರ ಸ್ನೇಹಿತರೆಂದು ಅವರ ಹೆಸರನ್ನು ಬಹಳ ಜನ ಕೇಳಿದ್ದೇವೆ. ಆದರೆ ಪರದೇಶದಿಂದ ವಾಪಸು ಬಂದ ಕೂಲಿಕಾರರಿಗಾಗಿ ಅವರು ಓಡಾಡಿದ್ದು ಅಷ್ಟಾಗಿ ಗೊತ್ತಿಲ್ಲ.

ಆಂಡ್ರೂಸರು 1871ರ ಫೆಬ್ರವರಿ 12ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದಿ, ಪಾದ್ರಿಯಾಗಿ, 1904ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಮೇಷ್ಟ್ರಾಗಿ ಬಂದರು. ಗೋಖಲೆಯವರ ಮಾತಿನಂತೆ ದಕ್ಷಿಣ ಆಫ್ರಿಕಕ್ಕೆ ಹೋದಾಗ, 1914ರ ಜನವರಿಯಲ್ಲಿ ಡರ್ಬನ್ ಬಂದರಿನಲ್ಲಿ ಗಾಂಧೀಜಿಯವರ ಪಾದ ಮುಟ್ಟಿ ನಮಸ್ಕರಿಸಿದರು. ಬಿಳಿಯನೊಬ್ಬ ಹೀಗೆ ಮಾಡಿದ್ದು ಅಲ್ಲಿನ ಬಿಳಿಯರಿಗೆ ಸಹಿಸಲಾಗಲಿಲ್ಲ.

ಆಗ ನಮ್ಮ ಜನರನ್ನು ಕರಾರಿನ ಮೇಲೆ ಫಿಜಿ ದ್ವೀಪದ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಕೂಲಿಗಳು ಅದನ್ನು ಗಿರ್ಮಿಟ್ ಎನ್ನುತ್ತಿದ್ದರು. 1879ರಿಂದ 1916ರವರೆಗೆ ಸುಮಾರು 60 ಸಾವಿರ ಜನ ಹೀಗೆ ಹೋದರು. ಒಮ್ಮೆ ಹೆಬ್ಬೆಟ್ಟು ಒತ್ತಿದರೆ ಐದು ವರ್ಷ ಬಿಡುಗಡೆಯಿಲ್ಲ. ಆಂಡ್ರೂಸರು 1915ರಲ್ಲಿ ತಮ್ಮ ಗೆಳೆಯ ಪಿಯರ್ಸನ್ನರ ಜೊತೆ ಅಲ್ಲಿಗೆ ಹೋಗಿ, ಕೂಲಿಗಳ ಸಾಲುಮನೆಗಳನ್ನು ಕಣ್ಣಾರೆ ಕಂಡು ವರದಿ ಬರೆದರು. ದೇಶದಲ್ಲೆಲ್ಲ ಕೂಗೆದ್ದಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬಿಡುಗಡೆಯಾದ ಎಷ್ಟೋ ಜನ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ಕಲ್ಕತ್ತೆಗೆ ಬಂದಿಳಿದರು. ಊರಿಗೆ ಹೋದರೆ ಕಡಲು ದಾಟಿದವರೆಂದು ಜಾತಿಯವರು ಸೇರಿಸಲಿಲ್ಲ. ಪ್ರಾಯಶ್ಚಿತ್ತ, ಊಟ ಅಂತ ಕೂಡಿಟ್ಟ ಹಣ ಕರಗಿತು. ಉಳಿದದ್ದನ್ನು ನೆಂಟರೋ ಮೋಸಗಾರರೋ ಕಿತ್ತುಕೊಂಡರು. ಉಳಲು ಭೂಮಿಯಿಲ್ಲ, ದುಡಿದರೆ ಹೊಟ್ಟೆ ತುಂಬುವಷ್ಟು ಕೂಲಿಯಿಲ್ಲ. ಫಿಜಿಯಲ್ಲಿ ಮಲೇರಿಯ ಇಲ್ಲ, ಹಾಗಾಗಿ ಅಲ್ಲಿ ಹುಟ್ಟಿದ ಮಕ್ಕಳು ಇಲ್ಲಿನ ಚಳಿಜ್ವರಕ್ಕೆ ತುತ್ತಾದವು. ಸೋತವರು ಮತ್ತೆ ಕಲ್ಕತ್ತೆಗೇ ಬಂದು, ಹೂಗ್ಲಿ ದಡದ ಮಟಿಯಾಬುರ್ಜ್‌ನಲ್ಲಿ ಬೀಡುಬಿಟ್ಟು, ಹಡಗಿಗಾಗಿ ಕಾದರು.

ಆಂಡ್ರೂಸರು ಆ ಕೊಳೆಗೇರಿಗೆ ಹೋಗಿ ಅವರ ಕಷ್ಟ ಕೇಳಿದರು. ಸರ್ಕಾರಕ್ಕೆ ಬರೆದರು, ಪತ್ರಿಕೆಗಳಿಗೆ ಬರೆದರು. ಕೆಲವರು ಮರಳಿ ಫಿಜಿಗೆ ಹೋಗುವಂತಾಯಿತು. ಉಳಿದವರು ಅಲ್ಲೇ ನವೆದರು. ಕರಾರು ರದ್ದು ಮಾಡಿಸಿದ ಮಹಾನುಭಾವರಿಗೂ ಬಂದವರಿಗೆಲ್ಲ ಬದುಕು ಕಟ್ಟಿಕೊಡಲು ಆಗಲಿಲ್ಲ. ಏಕೆಂದರೆ ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಊರೇ ಕೈಹಿಡಿಯಬೇಕು.

ಜನ ಅವರನ್ನು ದೀನಬಂಧು ಎಂದು ಕರೆದರು. 1940ರ ಏಪ್ರಿಲ್ 5ರಂದು ಅವರು ಕಲ್ಕತ್ತೆಯಲ್ಲೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ.

ಬಾಂಧವರೇ, ಇದು ನಮಗೂ ಸಂಬಂಧಿಸಿದ ಮಾತು. 1990ರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ವಿಮಾನದಲ್ಲಿ ಕರೆತರಲಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. 2020ರ ಕೊರೋನಾ ಕಾಲದಲ್ಲೂ ಗಲ್ಫಿನಿಂದ ಜನ ಕೆಲಸ ಕಳೆದುಕೊಂಡು ಬಂದರು. ದುಡ್ಡು ಕಳಿಸುವಾಗ ಬೇಕಾದವನು ಬರಿಗೈಲಿ ಬಂದಾಗ ಬೇಡದವನಾಗಬಾರದು. ಅಂಥವರನ್ನು ಸಂಘದ ಷೇರುದಾರರಾಗಿ ಸೇರಿಸಿಕೊಳ್ಳೋಣ. ಒಂದು ಹಸುವಿಗೋ, ಪಂಪ್‌ಸೆಟ್ಟಿಗೋ, ಸಣ್ಣ ಅಂಗಡಿಗೋ ಸಾಲ ಕೇಳಿಕೊಂಡು ಬಂದರೆ ನಿಯಮದೊಳಗೆ ಬೇಗ ಮಾಡಿಕೊಡೋಣ. ಕಲಿತು ಬಂದ ಕಸುಬನ್ನು ಊರಿಗೆ ಬಳಸಿಕೊಳ್ಳೋಣ. ನಮ್ಮೂರಿಗೆ ಮರಳಿದವರು ಮತ್ತೊಂದು ಮಟಿಯಾಬುರ್ಜ್ ಹುಡುಕಿಕೊಂಡು ಹೋಗುವಂತಾಗದಿರಲಿ.