ಪದವಿಯಿಲ್ಲದ ಸಂಶೋಧಕ: ಶ್ರೀನಿವಾಸ ರಾಮಾನುಜನ್

ಪಿಎಚ್.ಡಿ. ಮುಗಿಸಿದ ನಮ್ಮ ಮಕ್ಕಳು ಸಂಶೋಧನಾ ಹುದ್ದೆಗಾಗಿ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದನ್ನು ನಾವು ನೋಡುತ್ತಿದ್ದೇವೆ. ನಾವು ನೆಲೆಸಿರುವ ಇದೇ ಚೆನ್ನೈಯಲ್ಲಿ 1913ರಲ್ಲಿ ಅಂತಹ ಸ್ಥಾನವೊಂದು ಬಿ.ಎ. ಪದವಿಯೂ ಇಲ್ಲದ ಯುವಕರೊಬ್ಬರಿಗೆ ದೊರೆಯಿತು. ಅವರೇ ಗಣಿತಜ್ಞ ಶ್ರೀನಿವಾಸ ರಾಮಾನುಜನ್.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದ ರಾಮಾನುಜನ್ ಕುಂಭಕೋಣದಲ್ಲಿ ಬೆಳೆದರು. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಕೈಬಿಟ್ಟದ್ದರಿಂದ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ತಪ್ಪಿತು. ಮದರಾಸಿನ ಪಚ್ಚೈಯಪ್ಪ ಕಾಲೇಜು ಸೇರಿದ ಮೇಲೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1909ರಲ್ಲಿ ಜಾನಕಿಯವರೊಡನೆ ವಿವಾಹವಾಯಿತು. ಸಂಸಾರದ ಹೊಣೆ ಹೊತ್ತು, ಕಂಕುಳಲ್ಲಿ ಗಣಿತದ ಪುಸ್ತಕವಿಟ್ಟುಕೊಂಡು ಬಲ್ಲವರ ಮನೆಬಾಗಿಲಿಗೆ ಅಲೆದರು. ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರು ಕೆಲಕಾಲ ತಮ್ಮ ಕೈಯಿಂದಲೇ ಹಣ ಕೊಟ್ಟು ಸಲಹಿದರು. ಇನ್ನೊಬ್ಬರ ಹಂಗಿನಲ್ಲಿರಲು ಮನಸ್ಸೊಪ್ಪದೆ, 1912ರ ಮಾರ್ಚ್‌ನಲ್ಲಿ ರಾಮಾನುಜನ್ ಮದರಾಸು ಬಂದರಿನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾದರು. ಸಂಬಳ ತಿಂಗಳಿಗೆ 30 ರೂಪಾಯಿ. ದಿನವಿಡೀ ಲೆಕ್ಕ ಬರೆದು ಮನೆಗೆ ಬಂದವರಿಗೆ ಮತ್ತೆ ಅಂಕಿಯ ಮುಖ ನೋಡಲು ಬೇಸರವೆಂಬುದನ್ನು ಬ್ಯಾಂಕಿನಲ್ಲಿ ದುಡಿಯುವ ನಾವು ಬಲ್ಲೆವು. ಅವರಿಗೆ ಮಾತ್ರ ನಿಜವಾದ ಲೆಕ್ಕ ಆರಂಭವಾಗುತ್ತಿದ್ದುದೇ ಆಮೇಲೆ!

ಅವರ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರಾಗಿದ್ದುದು ಭಾಗ್ಯವೇ ಸರಿ. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಪತ್ರ ಬರೆದರು. ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಬಂದರಿಗೆ ಬಂದವರು ಆ ಗಣಿತವನ್ನು ಕಂಡು ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದರು. ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಬಿ. ಹನುಮಂತ ರಾವ್ ಅವರು ಗಣಿತ ಮಂಡಳಿಯ ಸಭೆಯಲ್ಲಿ ವಿಷಯವನ್ನು ಮುಂದಿಟ್ಟರು. ಎರಡು ವರ್ಷಗಳವರೆಗೆ ತಿಂಗಳಿಗೆ 75 ರೂಪಾಯಿ ಕೊಡಬಹುದೆಂದು ಮಂಡಳಿ ಹೇಳಿತು.

ತೊಡಕು ಬಂದದ್ದು ಸಿಂಡಿಕೇಟಿನಲ್ಲಿ. ಸ್ನಾತಕೋತ್ತರ ಪದವಿ ಇಲ್ಲದವರಿಗೆ ಸಂಶೋಧನಾ ವೇತನ ಸಲ್ಲದೆಂದು ಕೆಲವರ ಆಕ್ಷೇಪ. ನಿಯಮದ ದೃಷ್ಟಿಯಿಂದ ಅವರದು ತಪ್ಪೆನ್ನಲಾಗದು. ಆದರೆ ಸಂಶೋಧನೆಗೆ ಉತ್ತೇಜನ ಕೊಡುವುದೂ ವಿಶ್ವವಿದ್ಯಾನಿಲಯದ ಕರ್ತವ್ಯವೆಂದು ಕಾಯಿದೆಯ ಪೀಠಿಕೆಯೇ ಹೇಳುತ್ತದೆಂಬ ವಾದ ಗೆದ್ದಿತು. ಏಪ್ರಿಲ್ 7ರಂದು ಮಂಜೂರಾತಿ ದೊರೆಯಿತು. ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸುವುದಷ್ಟೇ ಷರತ್ತು.

ತಿರುವಲ್ಲಿಕ್ಕೇಣಿಯ ಹನುಮಂತರಾಯನ್ ಕೋಯಿಲ್ ಬೀದಿಯ ಮನೆಯಲ್ಲಿ ಹಗಲಿರುಳೂ ಗಣಿತ ನಡೆಯಿತು. ಮೂರು ವರದಿಗಳಾದವು. 1914ರ ಮಾರ್ಚ್ 17ರಂದು, ಇದೇ ವಿಶ್ವವಿದ್ಯಾನಿಲಯದ ವರ್ಷಕ್ಕೆ 250 ಪೌಂಡುಗಳ ನೆರವಿನಿಂದ, ಅವರು ಇಂಗ್ಲೆಂಡಿಗೆ ಹಡಗೇರಿದರು.

ಅಲ್ಲಿನ ಕೀರ್ತಿ ಎಲ್ಲರಿಗೂ ತಿಳಿದದ್ದೇ. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆರೋಗ್ಯ ಮಾತ್ರ ಕೆಟ್ಟಿತ್ತು. ಐದು ವರ್ಷಗಳ ಕಾಲ ವರ್ಷಕ್ಕೆ 250 ಪೌಂಡು ಕೊಡುವುದಾಗಿ ಮದರಾಸಿನಿಂದ ತಿಳಿಸಿದಾಗ, ಅದು ತಮ್ಮ ಅಗತ್ಯಕ್ಕಿಂತ ಹೆಚ್ಚೆಂದೂ, ಮಿಕ್ಕದ್ದನ್ನು ಬಡ ಮಕ್ಕಳ, ಅನಾಥರ ವಿದ್ಯಾಭ್ಯಾಸಕ್ಕೆ ಬಳಸಬೇಕೆಂದೂ ಬರೆದರು. ಶುಲ್ಕ ಕಟ್ಟಲಾರದೆ ಅಲೆದಿದ್ದವರಿಗೆ ಬೇರೆ ಏನು ನೆನಪಾದೀತು? 1919ರಲ್ಲಿ ಮರಳಿ ಬಂದ ಅವರು 1920ರ ಏಪ್ರಿಲ್ 26ರಂದು ಚೇಟ್‌ಪೇಟ್‌ನಲ್ಲಿ ತೀರಿಕೊಂಡಾಗ ವಯಸ್ಸು 32. ಪತ್ನಿ ಜಾನಕಿಯವರು ಮುಂದೆ ಬಹುಕಾಲ ತಿರುವಲ್ಲಿಕ್ಕೇಣಿಯಲ್ಲೇ ಬಾಳಿ, 1994ರಲ್ಲಿ ನಿಧನರಾದರು.