ಆಕಾಶಗಂಗೆಯ ನಡುವಿನ ಸದ್ದು ಕೇಳಿದ ಕಾರ್ಲ್ ಜಾನ್‌ಸ್ಕಿ

ನಮ್ಮ ಶಾಲೆಯ ಮೊದಮೊದಲ ತಂಡಗಳ ವಿದ್ಯಾರ್ಥಿಗಳು ರೇಡಿಯೋ ಕೇಳಿ ಬೆಳೆದವರು. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ವಾರ್ತೆ ಕೇಳಲು ಕುಳಿತರೆ, ದೂರದಲ್ಲೆಲ್ಲೋ ಮಿಂಚಿದರೂ ಸಾಕು, ಪೆಟ್ಟಿಗೆಯೊಳಗೆ ಚರಚರ ಸದ್ದೆದ್ದು ಮಾತು ಕೆಡುತ್ತಿತ್ತು. ನಾವೆಲ್ಲ ಬೈದುಕೊಂಡು ಸುಮ್ಮನಾಗುತ್ತಿದ್ದ ಆ ಸದ್ದನ್ನೇ ವರ್ಷಗಟ್ಟಲೆ ಕುಳಿತು ಕೇಳಿದವರು ಅಮೆರಿಕದ ಇಂಜಿನಿಯರ್ ಕಾರ್ಲ್ ಜಾನ್‌ಸ್ಕಿ. ಆಕಾಶಗಂಗೆಯ ನಡುವೆ ಇರುವ ದೈತ್ಯ ಕಪ್ಪುಕುಳಿಯ ಚಿತ್ರವನ್ನು ಈಚೆಗೆ ಪತ್ರಿಕೆಗಳಲ್ಲಿ ನೋಡಿದ್ದೀರಿ. ಆ ದಿಕ್ಕಿಗೆ ಮೊದಲು ಕಿವಿಗೊಟ್ಟವರೂ ಇವರೇ.

ಜಾನ್‌ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಆಗಿನ್ನೂ ರಾಜ್ಯವಾಗಿರದ ಒಕ್ಲಹೋಮಾದಲ್ಲಿ. ತಂದೆ ಇಂಜಿನಿಯರಿಂಗ್ ಅಧ್ಯಾಪಕರು, ಅಣ್ಣ ರೇಡಿಯೋ ಇಂಜಿನಿಯರ್. ಇವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದರು. ಐಸ್ ಹಾಕಿ ಆಡುತ್ತಿದ್ದ ಚುರುಕು ಹುಡುಗ. ಆದರೆ ಓದುವ ದಿನಗಳಲ್ಲೇ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡಿತು. ಅದಕ್ಕೆ ಆಗ ಸರಿಯಾದ ಮದ್ದಿರಲಿಲ್ಲ.

1928ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದಾಗ ಈ ಕಾಯಿಲೆಯೇ ಅಡ್ಡ ಬಂತು. ರೋಗಿಷ್ಠನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸಂಸ್ಥೆ ಹಿಂಜರಿಯಿತು. ಅಣ್ಣ ಹೋಗಿ ಮಾತಾಡಿದ ಮೇಲೆ ಕೆಲಸ ಸಿಕ್ಕಿತು. ಆರೋಗ್ಯದ ದೃಷ್ಟಿಯಿಂದ ಅವರನ್ನು ನ್ಯೂಯಾರ್ಕಿನ ಗದ್ದಲದಲ್ಲಿ ಇರಿಸದೆ ನ್ಯೂಜೆರ್ಸಿಯ ಹಳ್ಳಿಗಾಡಿಗೆ ಕಳಿಸಿದರು. ನನಗನ್ನಿಸುವಂತೆ, ಆ ಬಯಲು ಸಿಗದೆ ಹೋಗಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಅಲೆಗಳ ಮೂಲಕ ಟೆಲಿಫೋನ್ ಮಾತುಕತೆ ಆಗಷ್ಟೇ ಶುರುವಾಗಿತ್ತು. ಮಾತಿನ ನಡುವೆ ಬರುವ ಗೊರಗೊರ ಎಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡುವುದು ಇವರಿಗೆ ವಹಿಸಿದ ಕೆಲಸ. ಹೋಮ್‌ಡೆಲ್ ಎಂಬಲ್ಲಿ ಸುಮಾರು 30 ಮೀಟರ್ ಉದ್ದ, 6 ಮೀಟರ್ ಎತ್ತರದ ಒಂದು ಆಂಟೆನಾ ಕಟ್ಟಿದರು. ಮರದ ಚೌಕಟ್ಟು, ಅದರ ಮೇಲೆ ಹಿತ್ತಾಳೆ ಕೊಳವೆಗಳು. ಅದನ್ನು ಫೋರ್ಡ್ ಕಾರಿನ ನಾಲ್ಕು ಚಕ್ರಗಳ ಮೇಲೆ ನಿಲ್ಲಿಸಿ, ಮೋಟಾರಿನಿಂದ 20 ನಿಮಿಷಕ್ಕೆ ಒಂದು ಸುತ್ತು ತಿರುಗುವಂತೆ ಮಾಡಿದ್ದರು. ನೋಡಿದವರು ಅದಕ್ಕೆ ಜಾತ್ರೆಯ ತಿರುಗುಕುದುರೆಯ ಹೆಸರನ್ನೇ ಇಟ್ಟರು. ಅದು ಹಿಡಿಯುತ್ತಿದ್ದುದು 20.5 ಮೆಗಾಹರ್ಟ್ಸ್, ಅಂದರೆ ಸುಮಾರು ಹದಿನಾಲ್ಕೂವರೆ ಮೀಟರ್ ಉದ್ದದ ಅಲೆಗಳನ್ನು.

ಅವರಿಗೆ ಮೂರು ಬಗೆಯ ಸದ್ದು ಸಿಕ್ಕಿತು. ಒಂದು ಹತ್ತಿರದ ಗುಡುಗಿನದು, ಇನ್ನೊಂದು ದೂರದ ಗುಡುಗಿನದು. ಮೂರನೆಯದು ಎಡೆಬಿಡದೆ ಬರುವ ಸಣ್ಣ ಸುಯ್ ಎಂಬ ಸದ್ದು. ಅದು ದಿನವೂ ಆಕಾಶದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತಿತ್ತು. 1931ರ ಡಿಸೆಂಬರಿನಲ್ಲಿ ನೋಡಿದಾಗ ಸೂರ್ಯನೂ ಅದೂ ಒಂದೇ ಕಡೆ ಇದ್ದವು. ಹಾಗಾಗಿ ಇದು ಸೂರ್ಯನದೇ ಇರಬೇಕು ಎಂದುಕೊಂಡರು. ಆದರೆ ತಿಂಗಳು ಕಳೆದಂತೆ ಎರಡೂ ಬೇರೆಯಾದವು. ಸದ್ದು ಪ್ರತಿದಿನ 4 ನಿಮಿಷ ಮುಂಚೆ ಬರತೊಡಗಿತು. ಅಂದರೆ ತಿಂಗಳಿಗೆ ಎರಡು ಗಂಟೆ. ರಾತ್ರಿ ಹೊಲ ಕಾಯುತ್ತ ಆಕಾಶ ನೋಡಿದವರಿಗೆ ಈ ಲೆಕ್ಕ ಗೊತ್ತು: ನಕ್ಷತ್ರಗಳು ಹೀಗೆಯೇ ದಿನದಿನಕ್ಕೆ ಬೇಗ ಹುಟ್ಟುತ್ತವೆ. ಖಗೋಳಶಾಸ್ತ್ರ ಬಲ್ಲ ಗೆಳೆಯರೊಬ್ಬರು ಇದನ್ನು ಬಿಡಿಸಿ ಹೇಳಿದರು. ಒಂದು ವರ್ಷದ ದಾಖಲೆಗಳನ್ನು ಜೋಡಿಸಿ ನೋಡಿದಾಗ ದಿಕ್ಕು ಖಚಿತವಾಯಿತು. ಅದು ಧನು ರಾಶಿ, ಆಕಾಶಗಂಗೆಯ ನಡುಭಾಗ. ಸೂರ್ಯ ಆ ಕಡೆ ಬರುವುದು ಡಿಸೆಂಬರಿನಲ್ಲಿ. ನಾವು ಧನುರ್ಮಾಸ ಎನ್ನುವುದೂ ಅದನ್ನೇ. ಮೊದಲ ಗೊಂದಲಕ್ಕೆ ಅದೇ ಕಾರಣ.

1933ರ ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಈ ಸುದ್ದಿಯನ್ನು ಮುಖಪುಟದಲ್ಲಿ ಹಾಕಿತು. ಹತ್ತು ದಿನದ ನಂತರ ಆ ಸದ್ದನ್ನೇ ಅಮೆರಿಕದ ರೇಡಿಯೋ ಕೇಳುಗರಿಗೆ ಬಿತ್ತರಿಸಿದರು. ಜಾನ್‌ಸ್ಕಿಗೆ ಆಗ 27 ವರ್ಷ.

ಆಮೇಲೆ ಆದದ್ದು ಬೇಸರದ ಸಂಗತಿ. ದೇಶ ಆರ್ಥಿಕ ಕುಸಿತದಲ್ಲಿತ್ತು. ಹೆಚ್ಚಿನ ಖಗೋಳಜ್ಞರಿಗೆ ರೇಡಿಯೋ ತಿಳಿಯದು, ರೇಡಿಯೋದವರಿಗೆ ಖಗೋಳ ಬೇಡ. ನಕ್ಷತ್ರಗಳ ಸದ್ದನ್ನು ನಿಲ್ಲಿಸುವಂತಿಲ್ಲ, ಆದ್ದರಿಂದ ಟೆಲಿಫೋನಿಗೆ ಅದರಿಂದ ಹೆಚ್ಚಿನ ಪ್ರಯೋಜನವೂ ಇರಲಿಲ್ಲ. ಜಾನ್‌ಸ್ಕಿಗೆ ಬೇರೆ ಕೆಲಸ ಬಂತು. ಮುಂದುವರಿಸುತ್ತೇನೆಂದು ಅವರು ಕೇಳಲೇ ಇಲ್ಲ ಎಂದು ಮೇಲಧಿಕಾರಿ ಮುಂದೆ ಬರೆದರು. ಮನೆಯವರು ಅದನ್ನು ಒಪ್ಪಲಿಲ್ಲ. ಕಷ್ಟಪಟ್ಟು ಸಿಕ್ಕ ನೌಕರಿ, ಜೊತೆಗೆ ಕಾಯಿಲೆ. ಇಂಥವರು ಎಷ್ಟು ಗಟ್ಟಿಯಾಗಿ ಕೇಳಿಯಾರು ಎಂಬುದನ್ನು ಓದುಗರೇ ಊಹಿಸಬಹುದು. ಇಲಿನಾಯ್‌ನಲ್ಲಿ ಗ್ರೋಟ್ ರೀಬರ್ ಎಂಬ ಯುವಕ 1937ರಲ್ಲಿ ಮನೆಯ ಹಿತ್ತಲಲ್ಲೇ ತಟ್ಟೆಯಾಕಾರದ ದೂರದರ್ಶಕ ಕಟ್ಟಿ ಈ ದಾರಿ ಹಿಡಿಯದಿದ್ದರೆ ವಿಷಯ ಮರೆತೇಹೋಗುತ್ತಿತ್ತೇನೋ. ಜಾನ್‌ಸ್ಕಿ 1950ರ ಫೆಬ್ರವರಿ 14ರಂದು, 44ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಮಾತು ಸ್ಪಷ್ಟಪಡಿಸಬೇಕು. ಜಾನ್‌ಸ್ಕಿ ಕೇಳಿದ್ದು ಕಪ್ಪುಕುಳಿಯ ಸದ್ದಲ್ಲ. ಆಕಾಶಗಂಗೆಯುದ್ದಕ್ಕೂ ಕಾಂತಕ್ಷೇತ್ರದಲ್ಲಿ ಸುತ್ತುವ ಇಲೆಕ್ಟ್ರಾನುಗಳು ಹೊಮ್ಮಿಸುವ ಅಲೆಗಳು ನಡುಭಾಗದ ಕಡೆ ದಟ್ಟವಾಗಿರುತ್ತವೆ. ಅವರ ಆಂಟೆನಾಕ್ಕೆ ಸಿಕ್ಕಿದ್ದು ಅವು. ಆದರೆ ನಮಗೂ ಆ ನಡುವಿಗೂ ಇರುವ ಸುಮಾರು 26 ಸಾವಿರ ಜ್ಯೋತಿರ್ವರ್ಷದ ದಾರಿಯಲ್ಲಿ ಧೂಳು ಕವಿದು ಕಣ್ಣಿಗೆ ಏನೂ ಕಾಣದು. ರೇಡಿಯೋ ಅಲೆ ಮಾತ್ರ ಆ ಧೂಳನ್ನು ದಾಟಿ ಬರುತ್ತದೆ. ಇದು ಅವರಿಂದ ಶುರುವಾದ ದಾರಿ. ನಮ್ಮ ಶಾಲೆ ಆರಂಭವಾದ ಆಸುಪಾಸಿನಲ್ಲಿ, 1974ರಲ್ಲಿ, ಬ್ಯಾಲಿಕ್ ಮತ್ತು ಬ್ರೌನ್ ಎಂಬಿಬ್ಬರು ಅದೇ ದಿಕ್ಕಿನಲ್ಲಿ ಚುಕ್ಕಿಯಂಥ ಒಂದು ರೇಡಿಯೋ ಮೂಲ ಕಂಡರು. ಅದರ ಸುತ್ತ ತಿರುಗುವ ನಕ್ಷತ್ರಗಳನ್ನು ಅವಕೆಂಪು ಕಿರಣಗಳಲ್ಲಿ ವರ್ಷಾನುಗಟ್ಟಲೆ ಹಿಂಬಾಲಿಸಿ, ನಡುವೆ ಇರುವುದು 40 ಲಕ್ಷ ಸೂರ್ಯರಷ್ಟು ತೂಕದ್ದೆಂದು ತೋರಿಸಿದ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಬಂತು. 2022ರ ಮೇ 12ರಂದು ಬಂದ ಚಿತ್ರದಲ್ಲಿರುವ ಉಂಗುರ, ಕಪ್ಪುಕುಳಿಯ ಸುತ್ತ ಕಾದು ಹೊಳೆಯುವ ಅನಿಲದ್ದು. ಭೂಮಿಯ ಬೇರೆಬೇರೆ ಕಡೆಯ 8 ರೇಡಿಯೋ ದೂರದರ್ಶಕಗಳನ್ನು ಒಂದಾಗಿಸಿ ಅದನ್ನು ಪಡೆದರು.

ನಮ್ಮ ಗೌರಿಬಿದನೂರಿನ ಬಳಿಯೂ 34.5 ಮೆಗಾಹರ್ಟ್ಸ್‌ನಲ್ಲಿ, ಜಾನ್‌ಸ್ಕಿ ಹಿಡಿದಂಥದೇ ಉದ್ದನೆಯ ಅಲೆಗಳಲ್ಲಿ ಆಕಾಶದ ನಕ್ಷೆ ತೆಗೆದ ಆಂಟೆನಾ ಸಾಲು ಇದೆ.

ಆಕಾಶದಿಂದ ಬರುವ ರೇಡಿಯೋ ಅಲೆಯ ಬಲವನ್ನು ಅಳೆಯುವ ಮಾನಕ್ಕೆ 1973ರಲ್ಲಿ ಜಾನ್‌ಸ್ಕಿ ಎಂದೇ ಹೆಸರಿಟ್ಟರು. ಆಕಾಶಗಂಗೆಯ ನಡುವಿನ ಆ ಚುಕ್ಕಿ, ಸೆಂಟಿಮೀಟರ್ ಅಲೆಗಳಲ್ಲಿ ಅಳೆದರೆ, ಹೆಚ್ಚುಕಡಿಮೆ ಒಂದು ಜಾನ್‌ಸ್ಕಿಯಷ್ಟಿದೆ.